ಗಳದಿಂದ ಬೀರುವಿಗೆ: ಝರಾಸಂಗಂ ಸೀಮೆಯ ಮನೆಗಳಲ್ಲಿ ಅರಿವೆ ಇಟ್ಟ ಬಗೆ

ಝರಾಸಂಗಂ, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಹಳೆಯ ಮನೆಗಳಲ್ಲಿ ಮಲಗುವುದಕ್ಕೆಂದೇ ಬೇರೆ ಕೋಣೆ ಇರುವುದು ಅಪರೂಪವಾಗಿತ್ತು. ಬಟ್ಟೆಗೆಂದೇ ಒಂದು ಕಪಾಟು ಇರುವುದು ಇನ್ನೂ ಅಪರೂಪ. ಮನೆಯ ಅರಿವೆಗಳು ಗಳ, ಗೂಡು, ಗಂಟು, ಸಂದೂಕ ಎಂದು ನಾಲ್ಕು ಕಡೆ ಹಂಚಿಹೋಗಿರುತ್ತಿದ್ದವು. ಯಾವ ಬಟ್ಟೆ ಎಲ್ಲಿರಬೇಕು ಎಂಬುದು ಅದನ್ನು ಎಷ್ಟು ದಿನಕ್ಕೊಮ್ಮೆ ಉಡುತ್ತಾರೆ ಎಂಬುದರ ಮೇಲೆ ನಿಂತಿತ್ತು.

ಈ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳಿಗೆ ಸೇರಿತ್ತು. ಜಹೀರಾಬಾದ್ ಮತ್ತು ನಾರಾಯಣಖೇಡ ಆಗ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಗುಲ್ಬರ್ಗ ಜಿಲ್ಲೆಯದು. ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ, 2014ರಲ್ಲಿ ತೆಲಂಗಾಣಕ್ಕೆ ಸೇರಿದವು. ಗಡಿ ಸರಿದರೂ ಮನೆ ಕಟ್ಟುವ ಕಲ್ಲು ಮಣ್ಣು ಬದಲಾಗಲಿಲ್ಲ. ಬೀದರಿನ ಜಂಬಿಟ್ಟಿಗೆ ನೆಲ ಜಹೀರಾಬಾದಿನ ಕಡೆಗೂ ಚಾಚಿದೆ. ತಾಂಡೂರಿನ ನೆಲದಡಿ ತೆಳುವಾಗಿ ಪದರ ಪದರವಾಗಿ ಏಳುವ ಸುಣ್ಣಕಲ್ಲು ಇದೆ. ತೆಲುಗಿನವರ ನಾಪರಾಯಿ, ಕನ್ನಡದವರ ಪರಸಿ ಎರಡೂ ಅದೇ. ಬಟ್ಟೆ ಇಡುವ ಜಾಗದ ಚರಿತ್ರೆಗೆ ಈ ಕಲ್ಲುಗಳೇ ಮೊದಲ ಆಧಾರ.

ಗಳವೆಂದರೆ ಸೂರಿನ ಜಂತಿಗೆ ಎರಡು ಹಗ್ಗದ ಕುಣಿಕೆ ಹಾಕಿ ತೂಗಿಬಿಟ್ಟ ಬಿದಿರು. ದಿನವೂ ಉಡುವ ಧೋತರ, ಸೀರೆ, ವಲ್ಲಿಗಳೆಲ್ಲ ಅದರ ಮೇಲೆಯೇ. ಗಾಳಿ ಆಡುವುದರಿಂದ ಬೆವರಿನ ವಾಸನೆ ಉಳಿಯುತ್ತಿರಲಿಲ್ಲ, ಇಲಿಗೂ ಎಟಕುತ್ತಿರಲಿಲ್ಲ. ಮಡಿ ಆಚರಿಸುವ ಮನೆಗಳಲ್ಲಿ ಮಡಿಬಟ್ಟೆಗೆ ಬೇರೆಯೇ ಗಳ, ಇನ್ನೂ ಎತ್ತರದಲ್ಲಿ. ಅದನ್ನು ಕೈಯಿಂದ ಮುಟ್ಟದೆ ಮಡಿಕೋಲಿನಿಂದ ಎತ್ತಿ ಹರವಬೇಕು, ಕೋಲಿನಿಂದಲೇ ಇಳಿಸಬೇಕು. ಒಂದು ಬಿದಿರಿನ ಮೇಲೆ ಹಿಡಿಸುವುದಕ್ಕಿಂತ ಹೆಚ್ಚು ಬಟ್ಟೆ ಹಾಕಿದರೆ ಮನೆಗೆ ಬಂದವರಿಗೆಲ್ಲ ಕಾಣುತ್ತಿತ್ತು. ಹಾಗಾಗಿ ಗಳ ತನ್ನ ಮಿತಿಯನ್ನು ತಾನೇ ಹೇಳುತ್ತಿತ್ತು.

ಗೂಡು ಗೋಡೆಯೊಳಗಿನದು. ಕನ್ನಡ, ತೆಲುಗು ಎರಡರಲ್ಲೂ ಇದಕ್ಕೆ ಒಂದೇ ಹೆಸರು. ದಖನಿ ಉರ್ದು ಆಡುವವರಿಗೆ ಇದು ತಾಕ. ಮಣ್ಣು ಅಥವಾ ಕಲ್ಲಿನ ಗೋಡೆ ಎರಡು ಅಡಿ, ಕೆಲವೆಡೆ ಅದಕ್ಕೂ ಹೆಚ್ಚು ದಪ್ಪವಿರುತ್ತಿದ್ದುದರಿಂದ ಒಂದು ಅಡಿ ಆಳದ ಗೂಡು ಬಿಟ್ಟರೂ ಗೋಡೆಗೆ ಧಕ್ಕೆಯಿರಲಿಲ್ಲ. ಸಣ್ಣ ಗೂಡು ದೀಪಕ್ಕೆ, ದೊಡ್ಡದು ಮಡಚಿಟ್ಟ ಬಟ್ಟೆಗೆ. ಉಳ್ಳವರು ದೊಡ್ಡ ಗೂಡಿಗೆ ನಡುವೆ ಪರಸಿ ಹಾಸಿ ಎರಡು ಮೂರು ಖಾನೆ ಮಾಡಿ, ಮುಂದೆ ಮರದ ಕದ ಕೂಡಿಸಿದರೆ ಅದೇ ಅಲಮಾರಿ. ಕಲ್ಲಿನ ಹಲಗೆಗೆ ಗೆದ್ದಲು ಹಿಡಿಯುವುದಿಲ್ಲ, ಭಾರಕ್ಕೆ ಬಾಗುವುದಿಲ್ಲ. ಗೂಡಿನ ಆಳವೇ ಒಂದು ಅಡಿ. ಮಡಚಿದ ಸೀರೆ ಒಂದು ಸಾಲು ಕೂತರೆ ಮುಗಿಯಿತು, ಅದರ ಹಿಂದೆ ಇನ್ನೊಂದು ಸಾಲು ಅಡಗುವುದಕ್ಕೆ ಜಾಗವೇ ಇಲ್ಲ.

ಹಬ್ಬ, ಮದುವೆಗಳ ಬಟ್ಟೆ ಸಂದೂಕದೊಳಗೆ. ಮರದ ಸಂದೂಕದ ಜೊತೆಗೆ ಮುಂದೆ ತಗಡಿನ ಟ್ರಂಕು ಬಂತು. ಹೈದರಾಬಾದ್–ವಾಡಿ ರೈಲುದಾರಿ 1874ರಲ್ಲಿ ತೆರೆದಾಗ ತಾಂಡೂರು ಆ ದಾರಿಯ ನಿಲ್ದಾಣವಾಯಿತು. ರೈಲಿನ ಪಯಣಕ್ಕೆ ತಕ್ಕ, ಕೀಲಿ ಹಾಕಬಹುದಾದ ಪೆಟ್ಟಿಗೆ ಈ ಟ್ರಂಕು. ಟ್ರಂಕಿನ ಗುಣವೂ ದೋಷವೂ ಒಂದೇ: ಅದು ಮೇಲಿನಿಂದ ತೆರೆಯುತ್ತದೆ. ತಳದ ಸೀರೆ ಬೇಕೆಂದರೆ ಮೇಲಿನದನ್ನೆಲ್ಲ ತೆಗೆಯಬೇಕು. ಆದ್ದರಿಂದ ವರ್ಷಕ್ಕೆರಡು ಸಲ ಉಡುವ ಬಟ್ಟೆಗೆ ಅದು ಒಪ್ಪುತ್ತಿತ್ತು, ದಿನಬಳಕೆಗೆ ಒಗ್ಗುತ್ತಿರಲಿಲ್ಲ. ಒಣಗಿದ ಬೇವಿನ ಎಲೆ, ಬಜೆಯ ಬೇರು, ಆಮೇಲೆ ಪೇಟೆಯ ನುಸಿಗುಳಿಗೆ ಒಳಗಿನ ಕಾವಲು. ಜರಿಯಂಚಿನ ರೇಷ್ಮೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಆಗಾಗ ಬಿಚ್ಚಿ ಮಡಿಕೆ ಬದಲಿಸಿ ಇಡುತ್ತಿದ್ದರು. ಒಂದೇ ಗೆರೆಯಲ್ಲಿ ಮಡಚಿಟ್ಟರೆ ಆ ಗೆರೆಯಲ್ಲೇ ಅದು ಸೀಳುತ್ತದೆ.

ಸೀರೆಗಳ ನಡುವೆ ಘಮಕ್ಕೆಂದು ಕೇದಗೆಯ ಎಸಳು ಇಡುವುದು ಕನ್ನಡ ನಾಡಿನ ಹಳೆಯ ರೂಢಿ. ಕೇದಗೆಗೇ ಕೇತಕಿ ಎಂದೂ ಹೆಸರು; ಝರಾಸಂಗಂ ಹೆಸರಾಗಿರುವುದೇ ಕೇತಕಿ ಸಂಗಮೇಶ್ವರ ದೇವಾಲಯದಿಂದ. ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ಹೇಳಿ ಶಿವನಿಂದ ಶಾಪ ಪಡೆದ ಹೂವೆಂದು ಬೇರೆ ಶಿವಾಲಯಗಳಲ್ಲಿ ಸಾಮಾನ್ಯವಾಗಿ ಕೇದಗೆ ಪೂಜೆಗೆ ಸಲ್ಲದು. ಇಲ್ಲಿ ಅದೇ ಹೂವು ದೇವರಿಗೆ ಏರುತ್ತದೆ, ದೇವರ ಹೆಸರಿನಲ್ಲೂ ಸೇರಿದೆ.

ಇಷ್ಟು ಚಿಕ್ಕ ಜಾಗದಲ್ಲಿ ಮನೆ ಒಪ್ಪವಾಗಿ ಉಳಿಯಲು ಇನ್ನೊಂದು ಕಾರಣವಿತ್ತು: ಬಟ್ಟೆ ಒಳಗೆ ಬರುವ ದಾರಿಯಿದ್ದಂತೆ ಹೊರಗೆ ಹೋಗುವ ದಾರಿಯೂ ಇತ್ತು. ಸವೆದ ಹತ್ತಿ ಸೀರೆ ಮೊದಲು ಕೂಸಿನ ಜೋಳಿಗೆ, ಆಮೇಲೆ ಹಲವು ಪದರದ ಕೌದಿಯ ಒಂದು ಪದರ, ಕೊನೆಗೆ ನೆಲ ಒರೆಸುವ ಅರಿವೆ. ಹೊಲಿಯಲು ಕಾದಿರುವ ಚೂರುಗಳದ್ದೇ ಮೂಲೆಯ ಗಂಟು. ದಸರೆಗೆ ಮುಂಚೆ ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆದು, ಸಂದೂಕ ಬರಿದು ಮಾಡಿ ಬಿಸಿಲಿಗೆ ಹರವುವಾಗ ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು ಎಂಬ ಲೆಕ್ಕ ವರ್ಷಕ್ಕೊಮ್ಮೆ ತಾನಾಗಿಯೇ ಆಗುತ್ತಿತ್ತು.

ಹೊರಗಿನಿಂದ ಬಂದ ಪೆಟ್ಟಿಗೆ, ಕಪಾಟುಗಳ ಹೆಸರುಗಳೇ ಅವು ಬಂದ ದಾರಿಯನ್ನು ಹೇಳುತ್ತವೆ. ಅರಬ್ಬಿಯ ಸಂದೂಕ ಉರ್ದುವಿನ ಮೂಲಕ ಬಂತು, ಅಲಮಾರಿ ಪೋರ್ಚುಗೀಸರ ‘ಅರ್ಮಾರಿಯೊ’, ಟ್ರಂಕು ಇಂಗ್ಲಿಷಿನದು, ಬೀರು, ತೆಲುಗಿನಲ್ಲಿ ಬೀರುವಾ, ಫ್ರೆಂಚ್ ಮೂಲದ ‘ಬ್ಯೂರೊ’. ಗಳ, ಗೂಡು, ಗಂಟು ಮಾತ್ರ ಮನೆಯ ಮಾತು.

ಕಬ್ಬಿಣದ ಬೀರು ಇಪ್ಪತ್ತನೆಯ ಶತಮಾನದ್ದು. ಮುಂಬೈಯ ಗೋದ್ರೆಜ್ ಕಂಪನಿ 1923ರಲ್ಲಿ ಉಕ್ಕಿನ ಕಪಾಟು ಮಾಡತೊಡಗಿತು. ಹೈದರಾಬಾದಿನಲ್ಲಿ 1942ರಲ್ಲಿ ನಿಜಾಮ್ ಸರ್ಕಾರದ ಪಾಲುಗಾರಿಕೆಯಲ್ಲಿ ಆರಂಭವಾದ ಆಲ್ವಿನ್ ಕಾರ್ಖಾನೆಯೂ ಉಕ್ಕಿನ ಪೀಠೋಪಕರಣಗಳನ್ನು ತಯಾರಿಸಿತು. ಈ ಬೀರು ಸುಮಾರು ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ, ಒಂದೂವರೆ ಅಡಿ ಆಳ. ಒಳಗೆ ಒಡವೆಗೆ ತಿಜೋರಿ, ಅದರೊಳಗೊಂದು ಚೋರಖಾನೆ, ಹೊರಗೆ ಕನ್ನಡಿ. ಬರಬರುತ್ತ ಅದು ಪಲಂಗದ ಜೊತೆ ತವರಿನವರು ಮಗಳಿಗೆ ಕೊಡುವ ಮದುವೆ ಸಾಮಾನಾಯಿತು. ಸಂದೂಕದ ಬೆಲೆಬಾಳುವ ಬಟ್ಟೆಯೂ ಗಳದ ನಿತ್ಯದ ಬಟ್ಟೆಯೂ ಒಂದೇ ಕದದ ಹಿಂದೆ ಸೇರಿದ್ದು ಆಗಲೇ.

ಅದೇ ಕಾಲಕ್ಕೆ ಇನ್ನೆರಡು ಬದಲಾವಣೆಗಳಾದವು. ಧೋತರ, ಸೀರೆ ಹೊಲಿಗೆಯಿಲ್ಲದ ಉದ್ದ ಬಟ್ಟೆ. ಹೇಗೆ ಮಡಚಿದರೂ ಇರುವ ಜಾಗಕ್ಕೆ ಹೊಂದುತ್ತವೆ. ಅಂಗಿ, ಚೂಡಿದಾರಗಳಿಗೆ ಹೆಗಲಿದೆ, ಪ್ಯಾಂಟಿಗೆ ಇಸ್ತ್ರಿಯಿದೆ. ಅವಕ್ಕೆ ಹ್ಯಾಂಗರ್ ಬೇಕು. ಹ್ಯಾಂಗರಿನ ಅಗಲ ಒಂದೂವರೆ ಅಡಿಯ ಆಸುಪಾಸು. ಅದಕ್ಕೆ ಅಂಗಿಯ ತೋಳು ಸೇರಿ ಕಪಾಟಿನ ಆಳ ಎರಡು ಅಡಿಗೆ ಬಂದು ನಿಂತಿತು. ಅತ್ತ ಇಟ್ಟಿಗೆ, ಸಿಮೆಂಟಿನ ಮನೆಗಳಲ್ಲಿ ಗೋಡೆಯ ದಪ್ಪ ಒಂಬತ್ತು ಇಂಚಿಗೆ, ಒಳಗೋಡೆಯದು ನಾಲ್ಕೂವರೆ ಇಂಚಿಗೆ ಇಳಿಯಿತು. ಅಷ್ಟು ತೆಳುವಾದ ಗೋಡೆಯಲ್ಲಿ ಗೂಡು ಬಿಡಲಾಗದು. ಗೋಡೆ ತೆಳುವಾದಂತೆ ಕಪಾಟು ಕೋಣೆಯೊಳಕ್ಕೆ ಬಂತು, ಅದರ ಮೇಲೆ ಸಜ್ಜಾ ಎದ್ದಿತು. ಈಗಿನ ಪ್ಲೈವುಡ್ ವಾರ್ಡ್‌ರೋಬು ಇವೆರಡನ್ನೂ ಸೇರಿಸಿ ನೆಲದಿಂದ ಸೂರಿನವರೆಗೆ ಒಂದು ಗೋಡೆಯನ್ನೇ ನುಂಗುತ್ತದೆ.

ಇಷ್ಟು ದೊಡ್ಡ ವಾರ್ಡ್‌ರೋಬೂ ಅಸ್ತವ್ಯಸ್ತವಾಗುವುದಕ್ಕೆ ಕಾರಣ ಅದರ ಅಳತೆಯಲ್ಲೇ ಇದೆ. ತೂಗುಹಾಕಲು ಬೇಕಾದ ಎರಡು ಅಡಿ ಆಳವನ್ನೇ ಮಡಚಿದ ಬಟ್ಟೆಯ ಖಾನೆಗೂ ಕೊಟ್ಟಾಗ ಬಟ್ಟೆ ಎರಡು ಸಾಲಾಗುತ್ತದೆ. ಹಿಂದಿನ ಸಾಲು ಮರೆತುಹೋಗುತ್ತದೆ, ಮುಂದಿನ ಸಾಲು ಅದನ್ನು ಹುಡುಕುವಾಗ ಕುಸಿಯುತ್ತದೆ. ಕೊಂಡು ತಂದ ರಗ್ಗು ಕೌದಿಯ ಜಾಗ ಹಿಡಿದ ಮೇಲೆ, ನೂಲು ಬೇಗ ಸವೆಯದ ಪಾಲಿಸ್ಟರ್ ಬಂದ ಮೇಲೆ ಹಳೆಯ ಬಟ್ಟೆ ಹೊರಹೋಗುವ ದಾರಿಯೂ ಮುಚ್ಚಿತು. ಒಪ್ಪವಾದ ವಾರ್ಡ್‌ರೋಬಿಗೆ ಬೇಕಾದದ್ದು ಹಳೆಯ ಮನೆಯ ನಾಲ್ಕು ವಿಂಗಡಣೆಗಳೇ: ನಿತ್ಯದ ಬಟ್ಟೆ ತೆರೆದ ಗಳದ ಮೇಲೆ ಕಣ್ಣೆದುರಿಗೆ, ಮಡಚಿದ್ದು ಒಂದಡಿ, ಹೆಚ್ಚೆಂದರೆ ಒಂದೂಕಾಲು ಅಡಿ ಆಳದ ಖಾನೆಯಲ್ಲಿ ಒಂದೇ ಸಾಲಾಗಿ, ಹಬ್ಬದ್ದು ಮೇಲಿನ ಸಜ್ಜಾದಲ್ಲಿ, ಬಿಡಬೇಕಾದದ್ದು ಕೆಳಗಿನ ಗಂಟಿನಲ್ಲಿ. ಆ ಗಂಟನ್ನು ದಸರೆಗೊಮ್ಮೆ ಬಿಚ್ಚದಿದ್ದರೆ ಎಷ್ಟು ದೊಡ್ಡ ಬೀರು ಮಾಡಿಸಿದರೂ ಸಾಲದು.