ಕರಾವಳಿಯ ಹೆಂಚು, ಬಯಲುಸೀಮೆಯ ಮನೆ

ಕರಾವಳಿಗೆ ಹೋಗಿ ಬಂದವರಲ್ಲಿ ಹಲವರಿಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ತಮ್ಮ ಮನೆಯನ್ನೂ ಹಾಗೆಯೇ ಮಾಡಿಸಿಕೊಳ್ಳಬೇಕೆಂಬ ಆಸೆ ಹುಟ್ಟುತ್ತದೆ. ಇಳಿಜಾರು ಮಾಡು, ಕೆಂಪು ಹೆಂಚು, ಮರದ ಕಂಬದ ಜಗಲಿ: ನವೀಕರಣದ ನಕ್ಷೆಯಲ್ಲಿ ಮೊದಲು ಬರುವುದು ಇವೇ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಈ ಹೆಂಚಿನ ಮನೆ ಕಡಲತೀರದ ಅನಾದಿಕಾಲದ ರೂಪ, ಅದರ ನೋಟವನ್ನು ಹಾಗೇ ಎತ್ತಿ ತಂದರೆ ಕರಾವಳಿಯೇ ಮನೆಗೆ ಬಂದಂತೆ ಎಂಬ ನಂಬಿಕೆಯನ್ನು ಪರೀಕ್ಷಿಸಬೇಕು. ನಾವು ಇಂದು ಮೆಚ್ಚುವ ಆ ಮಾಡು ಕೂಡ ಒಂದು ಕಾಲದ ನವೀಕರಣವೇ. ಹೊರಗಿನಿಂದ ಬಂದ ಒಂದು ವಿದ್ಯೆಯನ್ನು ಕರಾವಳಿ ತನ್ನ ಮಳೆಗೆ, ಮಣ್ಣಿಗೆ ಒಗ್ಗಿಸಿಕೊಂಡಿತು. ನಾವು ಕಲಿಯಬೇಕಾದದ್ದು ಹಾಗೆ ಒಗ್ಗಿಸಿಕೊಳ್ಳುವ ಕ್ರಮವನ್ನು.

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ದಕ್ಷಿಣ ಕನ್ನಡದ ಸಾಮಾನ್ಯರ ಮನೆಗಳಿಗೆ ಮುಳಿಹುಲ್ಲಿನ ಅಥವಾ ತೆಂಗಿನ ಮಡಲಿನ ಹೊದಿಕೆಯಿತ್ತು. ಅದು ತಂಪು, ಅಗ್ಗ. ಆದರೆ ಮಳೆಗಾಲಕ್ಕೆ ಮುಂಚೆ ಮತ್ತೆ ಮತ್ತೆ ಹೊದಿಸಬೇಕು, ಬೆಂಕಿಯ ಭಯ ತಪ್ಪದು. ಕೈಯಿಂದ ಮಾಡಿದ ನಾಡಹೆಂಚು ಇತ್ತಾದರೂ ಅದನ್ನು ಒಂದರ ಮೇಲೊಂದು ದಟ್ಟವಾಗಿ ಹೊದಿಸಬೇಕಿತ್ತು. ಅಷ್ಟು ಭಾರ ಹೊರಲು ಮರವೂ ಹೆಚ್ಚು ಬೇಕು. ಅತ್ತ ಫ್ರಾನ್ಸಿನ ಅಲ್ಸಾಸ್ ಪ್ರಾಂತದಲ್ಲಿ ಜಿಲಾರ್ದೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿಗೆ ಪೇಟೆಂಟ್ ಪಡೆದಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಷನ್ನಿಗೆ, ಮತಾಂತರದಿಂದಾಗಿ ತಮ್ಮ ಸಮುದಾಯವನ್ನೂ ಕಸುಬನ್ನೂ ಕಳೆದುಕೊಂಡವರಿಗೆ ದುಡಿಮೆ ಒದಗಿಸಬೇಕಾದ ತುರ್ತಿತ್ತು. ನೇಯ್ಗೆಯ ಜೊತೆಗೆ ಈ ಬಗೆಯ ಹೆಂಚಿನ ಉದ್ಯಮಕ್ಕೂ ಅದು ಕೈಹಾಕಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತೃತ್ವದಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ನೇತ್ರಾವತಿ, ಗುರುಪುರ ನದಿಗಳ ದಡದಲ್ಲಿ ಹದವಾದ ಜೇಡಿಮಣ್ಣಿತ್ತು. ಸೌದೆ ತರಲು, ಸರಕು ಸಾಗಿಸಲು ಹೊಳೆಯೂ ಬಂದರೂ ಇದ್ದವು. 1868ರಲ್ಲಿ ಅಲ್ಬುಕರ್ಕ್ ಕುಟುಂಬದ ಕಾರ್ಖಾನೆ ಬಂದಮೇಲೆ ಸ್ಥಳೀಯ ಉದ್ಯಮಿಗಳೂ ಈ ಕಸುಬಿಗಿಳಿದರು. ಹಡಗೇರಿದ ಹೆಂಚು ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾದವರೆಗೂ ಮುಟ್ಟಿತು.

ಈ ಹೆಂಚು ಊರಿನದೇ ಎನ್ನುವಷ್ಟು ಬೇಗ ಊರಿಗೆ ಹೊಂದಿಕೊಂಡದ್ದಕ್ಕೆ ಅದರ ಕೆಲಸವೇ ಕಾರಣ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೆಂಚಿನ ಮೈಯಲ್ಲಿರುವ ಕಾಲುವೆಗಳು ನೀರನ್ನು ಕೆಳಗಿನ ಸಾಲಿಗೆ ದಾಟಿಸುತ್ತವೆ; ಅಂಚಿನ ಕಚ್ಚು ಗಾಳಿಗೆ ಹೆಂಚು ಸರಿಯದಂತೆ ಹಿಡಿಯುತ್ತದೆ. ಹೆಂಚು ಹಗುರವಾದ್ದರಿಂದ ಪಕ್ಕಾಸು, ರೀಪುಗಳಿಗೆ ಬೇಕಾದ ಮರವೂ ಕಡಿಮೆ. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಸಂದುಗಳಲ್ಲಿ ಒಳಗಿನ ಬಿಸಿಗಾಳಿ ಹೊರಹೋಗುತ್ತದೆ. ಮುಂದೆ ಚಾಚಿದ ಸೂರು ಮುರಕಲ್ಲಿನ ಗೋಡೆಯನ್ನು ಇರಿಚಲಿನಿಂದ ಕಾಯುತ್ತದೆ, ಜಗಲಿಗೆ ನೆರಳು ಕೊಡುತ್ತದೆ. ಮಾಡು, ಗೋಡೆ, ಜಗಲಿ ಹೀಗೆ ಒಂದಕ್ಕೊಂದು ಒತ್ತಾಸೆಯಾಗಿ ನಿಂತಾಗ ಹುಟ್ಟಿದ್ದು ಆ ಚೆಲುವು.

ಇದಕ್ಕೆ ಬಲವಾದ ಆಕ್ಷೇಪ ಬರಬಹುದು: ಹೆಂಚೇ ಆಮದಾದ ವಿದ್ಯೆಯಾಗಿದ್ದರೆ, ಇಂದಿನವರು ಅದನ್ನು ಕಾಂಕ್ರೀಟಿನ ಮೇಲೆ ಅಲಂಕಾರಕ್ಕೆ ಅಂಟಿಸಿದರೆ ತಪ್ಪೇನು? ಆಮದಾಗಿದ್ದು ದೋಷವಲ್ಲವೆಂಬುದು ನನ್ನ ವಾದವೂ ಹೌದು. ಆದರೆ ಕರಾವಳಿ ಅದನ್ನು ತಂದದ್ದು ಸೋರುವ, ಸುಡುವ ಮಾಡಿಗೆ ಪರಿಹಾರವಾಗಿ. ಸಪಾಟು ಚಾವಣಿಯ ಅಂಚಿಗೆ ಮೆತ್ತಿದ ಎರಡು ಸಾಲು ಹೆಂಚು ಯಾವ ತೊಂದರೆಯನ್ನೂ ನೀಗುವುದಿಲ್ಲ. ಬೆಂಗಳೂರಿನ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು, ನಿವೇಶನ ಚಿಕ್ಕದು, ಮೇಲೊಂದು ಅಂತಸ್ತು ಬೇಕೇ ಬೇಕು ಎಂಬ ಮಾತೂ ನಿಜ. ಅದು ನೋಟವನ್ನು ನಕಲು ಮಾಡಲು ಕಾರಣವಾಗದು. ಬೇರೆ ಉತ್ತರ ಹುಡುಕಲು ಕಾರಣವಾಗಬೇಕು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಮಾಡಿದ್ದು ಅದನ್ನೇ. ಕಾಂಕ್ರೀಟು ಹೆಚ್ಚು ಕೆಲಸ ಮಾಡದ ಜಾಗದಲ್ಲಿ ಹಳೆಯ ಹೆಂಚನ್ನು ತುಂಬಿ, ಚಾವಣಿಯ ಸಿಮೆಂಟು, ತೂಕ, ಖರ್ಚು ಎಲ್ಲವನ್ನೂ ತಗ್ಗಿಸಿದರು. ಅಲ್ಲಿ ಹೆಂಚು ಇಳಿಜಾರು ಮಾಡಿನಲ್ಲಿ ಇರಲಿಲ್ಲ, ಆದರೂ ದುಡಿಯುತ್ತಿತ್ತು.

ಆದ್ದರಿಂದ ಮನೆ ನವೀಕರಿಸುವವರು ಮೇಸ್ತ್ರಿಗೆ ಫೋಟೋ ತೋರಿಸುವ ಮೊದಲು ತಮ್ಮ ಮನೆಯನ್ನೇ ವಿಚಾರಿಸಬೇಕು. ಪಶ್ಚಿಮದ ಗೋಡೆಗೆ ಸಂಜೆಯ ಬಿಸಿಲು ಬೀಳುತ್ತಿದ್ದರೆ ಅಲ್ಲಿ ಉದ್ದ ಸೂರಿನ ಜಗಲಿ ಇರಲಿ; ತಾರಸಿ ಕಾಯುತ್ತಿದ್ದರೆ ಅದರ ಮೇಲೆ ಗಾಳಿಯಾಡುವಂತೆ ಹೆಂಚಿನ ಮಾಡು ಏರಲಿ. ಕೆಡವಿದ ಹಳೆಯ ಮನೆಗಳ ಗಟ್ಟಿ ಹೆಂಚು ಸಿಕ್ಕರೆ ಅದನ್ನೇ ಬಳಸಲಿ, ಹೊಸದಾಗಿ ಮಣ್ಣು ಅಗೆಯುವುದೂ ಸೌದೆ ಸುಡುವುದೂ ಅಷ್ಟರಮಟ್ಟಿಗೆ ತಪ್ಪುತ್ತದೆ. ಕರಾವಳಿಯ ಮನೆ ಕಟ್ಟಿದವರು ತಮ್ಮ ನೆಲದ ಅಗತ್ಯವನ್ನು ಮೊದಲು ನೋಡಿದರು, ಅಂದವನ್ನು ಆಮೇಲೆ ಪಡೆದರು. ಅವರ ಮೇಲಿನ ಮೆಚ್ಚುಗೆ ನಿಜವಾದದ್ದಾದರೆ ನಾವೂ ಅದೇ ಕ್ರಮದಲ್ಲಿ ನಡೆಯಬೇಕು.