ಗರ್ಟಿಯ ಗುಣ-ದೋಷಗಳು

ಊರಿನಿಂದ ಬಂದ ನೆಂಟರನ್ನು ಮ್ಯಾನ್‌ಹಟನ್ನಿನ ಪ್ರಕೃತಿ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯದ ಕನ್ನಡಿಗರು ಈ ಭಾಗದಲ್ಲಿ ವಿರಳ. ಅಲ್ಲಿಯ ದೈತ್ಯ ಅಸ್ಥಿಪಂಜರಗಳ ಮುಂದೆ ನಿಂತು ‘ಇದು ಎದ್ದು ನಡೆದರೆ?’ ಎಂದು ಮಕ್ಕಳು ಕೇಳುವುದುಂಟು. 1914ರಲ್ಲಿ ಅದನ್ನು ನಡೆಸಿಯೇ ತೋರಿಸಿದವರು ಪತ್ರಿಕಾ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ. ಚಿತ್ರದ ಹೆಸರು ‘ಗರ್ಟಿ ದಿ ಡೈನೊಸಾರ್’; ಕಪ್ಪು-ಬಿಳುಪು, ಮೂಕಿ, ಸುಮಾರು 12 ನಿಮಿಷ.

ಇದೇ ಮೊದಲ ಕಾರ್ಟೂನ್ ಚಿತ್ರವೆಂಬ ಮಾತು ಸರಿಯಲ್ಲ. ಬ್ಲ್ಯಾಕ್‌ಟನ್ 1906ರಲ್ಲಿ, ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲಿ ಗೆರೆಗಳನ್ನು ಕುಣಿಸಿದ್ದರು. ಮೆಕೇಯವರೇ ಇದಕ್ಕೆ ಮುಂಚೆ ಎರಡು ಚಿತ್ರ ತೆಗೆದಿದ್ದರು. ಹಾಗಾದರೆ ಗರ್ಟಿಯ ಹೆಚ್ಚುಗಾರಿಕೆ ಏನು?

ಸ್ವಭಾವ. ಗರ್ಟಿ ಹೇಳಿದ ಮಾತು ಕೇಳುತ್ತಾಳೆ, ಕೆಲವೊಮ್ಮೆ ಕೇಳುವುದಿಲ್ಲ, ಗದರಿದರೆ ಅಳುತ್ತಾಳೆ, ಆನೆಯನ್ನು ಬಾಲ ಹಿಡಿದು ಕೆರೆಗೆ ಎಸೆಯುತ್ತಾಳೆ. ಮಲಗಿದಾಗ ಪಕ್ಕೆ ಏರಿ ಇಳಿಯುತ್ತದೆ. ಅದಕ್ಕಾಗಿ ಮೆಕೇ ತಮ್ಮದೇ ಉಸಿರನ್ನು ಗಡಿಯಾರ ಹಿಡಿದು ಅಳೆದರಂತೆ. ಹತ್ತು ಸಾವಿರ ಚಿತ್ರಗಳು ಬೇಕಾದವೆಂದು ಚಿತ್ರವೇ ಹೇಳಿಕೊಳ್ಳುತ್ತದೆ. ಉಸಿರಾಟದಂಥ ಚಲನೆಗಳಿಗೆ ಅವೇ ಹಾಳೆಗಳನ್ನು ಮತ್ತೆ ಮತ್ತೆ ಬಳಸಿದ ಜಾಣತನವೂ ಇದರಲ್ಲಿದೆ.

ಇನ್ನು ದೋಷಗಳು. ಮೊದಲಿಗೆ ಇದು ರಂಗದ ಮೇಲಿನ ಪ್ರದರ್ಶನವಾಗಿತ್ತು. ಮೆಕೇ ಪರದೆಯ ಪಕ್ಕದಲ್ಲಿ ನಿಂತು ಆಜ್ಞೆ ಕೊಡುತ್ತಿದ್ದರು, ಗರ್ಟಿ ಪಾಲಿಸುತ್ತಿದ್ದಳು. ಚಿತ್ರಮಂದಿರಗಳಿಗಾಗಿ ಆ ಮಾತುಗಳನ್ನು ಬರಹದ ಫಲಕಗಳಾಗಿ ಮಾಡಿ, ಮುಂದೆ ಟೈರ್ ಪಂಕ್ಚರ್, ಊಟದ ಪಂದ್ಯ ಎಂದು ಒಂದು ಪೀಠಿಕೆ ಅಂಟಿಸಿದರು. ಪೀಠಿಕೆ ಉದ್ದವಾಯಿತು, ಗರ್ಟಿ ಅಲ್ಲಿಲ್ಲದ ಮನುಷ್ಯನ ಕಡೆ ನೋಡುವಂತಾಯಿತು. ಪ್ರತಿ ಹಾಳೆಯ ಮೇಲೂ ಬೆಟ್ಟ-ಕೆರೆಗಳನ್ನು ಹೊಸದಾಗಿ ಬರೆಯಬೇಕಾದ್ದರಿಂದ ಹಿನ್ನೆಲೆ ಸದಾ ಸಣ್ಣಗೆ ನಡುಗುತ್ತದೆ. ಆ ಬೇಸರದ ಕೆಲಸ ಜಾನ್ ಫಿಟ್ಜ್‌ಸಿಮನ್ಸ್ ಎಂಬ ತರುಣ ಸಹಾಯಕರದು. ಮರುವರ್ಷ ಅರ್ಲ್ ಹರ್ಡ್ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಹಿನ್ನೆಲೆಯನ್ನು ಒಮ್ಮೆ ಬರೆದರೆ ಸಾಕಾಯಿತು. ನಮಗೇನೋ ಆ ನಡುಕದಲ್ಲಿ ಕೈಬರಹದ ಆತ್ಮೀಯತೆ ಕಾಣುತ್ತದೆ.

ದೊಡ್ಡ ದೌರ್ಬಲ್ಯ ಕಲೆಯದಲ್ಲ, ರಸಾಯನದ್ದು. ಅಂದಿನ ಫಿಲ್ಮ್ ಸೆಲ್ಯುಲೋಸ್ ನೈಟ್ರೇಟ್. ಅದು ಕೊಳೆಯುವಾಗ ಹೊರಡುವ ಆಮ್ಲವೇ ಕೊಳೆತವನ್ನು ಚುರುಕುಗೊಳಿಸುತ್ತದೆ; ಹೊತ್ತಿಕೊಂಡರೆ ಆಮ್ಲಜನಕ ಅದರಲ್ಲೇ ಇರುವುದರಿಂದ ನೀರಿಗೂ ಆರದು. ಗರ್ಟಿಯ ಹಂಚಿಕೆದಾರ ವಿಲಿಯಂ ಫಾಕ್ಸ್ ಕಟ್ಟಿದ ಸಂಸ್ಥೆಯ ಮೂಕಿ ಚಿತ್ರಗಳಲ್ಲಿ ಬಹುಪಾಲು, ನಮ್ಮ ನ್ಯೂಜೆರ್ಸಿಯ ಲಿಟಲ್ ಫೆರಿಯ ಉಗ್ರಾಣದಲ್ಲಿ 1937ರ ಜುಲೈ 9ರಂದು ಸುಟ್ಟುಹೋದವು. ಗರ್ಟಿ ಉಳಿದಳು, 1991ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಸೇರಿದಳು. ಅವಳಿಗಿಂತ ಇಪ್ಪತ್ತು ವರ್ಷ ಕಿರಿಯ, ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಉಳಿಯಲಿಲ್ಲ. ಅದರ ಗುಣ-ದೋಷ ಚರ್ಚಿಸುವ ಭಾಗ್ಯವೂ ನಮಗಿಲ್ಲ.

ಆದ್ದರಿಂದ ವಾಚಕರಲ್ಲಿ ಒಂದು ಬಿನ್ನಹ. ನಮ್ಮ ಮನೆಗಳ ಅಟ್ಟದಲ್ಲಿ ಮದುವೆ, ಯುಗಾದಿ ನಾಟಕ, ತೀರಿಹೋದ ಹಿರಿಯರ ಹಳೆಯ 8 ಮಿ.ಮೀ. ರೀಲುಗಳಿವೆ. ಅವು ಅಸಿಟೇಟ್, ಬೆಂಕಿಯ ಭಯ ಕಡಿಮೆ, ಕೊಳೆಯುವುದು ತಪ್ಪದು. ಡಬ್ಬಿ ತೆರೆದು ಮೂಸಿ ನೋಡಿ. ವಿನಿಗರ್ ವಾಸನೆ ಬಂದರೆ ಕೊಳೆತ ಆಗಲೇ ಶುರುವಾಗಿದೆ. ತಂಪಾದ, ಒಣ ಜಾಗಕ್ಕೆ ಇಳಿಸಿ, ಬೇಗ ಪ್ರತಿ ಮಾಡಿಸಿಕೊಳ್ಳಿ. ಚಿತ್ರ ನಡುಗಿದರೆ ನಡುಗಲಿ, ಉಳಿದರೆ ಸಾಕು.