ಥೋರಿಯಮ್ಮಿನ ಎರಡು ವಕ್ರರೇಖೆಗಳು

1901ರ ಕೊನೆಯಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ರದರ್‌ಫರ್ಡ್ ಮತ್ತು ಸಾಡಿ ಎಂಬ ವಿಜ್ಞಾನಿಗಳು ಥೋರಿಯಮ್ಮಿನಿಂದ ಅತ್ಯಂತ ವಿಕಿರಣಪಟುವಾದ ಅಂಶವೊಂದನ್ನು ಬೇರ್ಪಡಿಸಿ, ಅದನ್ನು ‘ಥೋರಿಯಂ ಎಕ್ಸ್’ ಎಂದು ಕರೆದರು. ಕ್ರಿಸ್‌ಮಸ್ ರಜೆ ಕಳೆದು ನೋಡಲಾಗಿ ಆ ಅಂಶವು ನಿಸ್ತೇಜವಾಗಿದ್ದಿತು. ಥೋರಿಯಮ್ಮಾದರೋ ಕಳೆದುಕೊಂಡ ಪಟುತ್ವವನ್ನು ಮರಳಿ ಪಡೆದಿದ್ದಿತು.

ಈ ಏರಿಳಿತಗಳನ್ನು ದಿನದಿನವೂ ಅಳೆದು ಅವರು ಎರಡು ವಕ್ರರೇಖೆಗಳನ್ನು ರಚಿಸಿದರು. ಇಳಿಯುವ ರೇಖೆ ಸುಮಾರು 4 ದಿನಗಳಿಗೆ ಅರ್ಧಕ್ಕೂ 8 ದಿನಗಳಿಗೆ ಕಾಲಕ್ಕೂ ಬರುತ್ತದೆ. ಸಮಕಾಲದಲ್ಲಿ ಸಮಪ್ರಮಾಣದ ಇಳಿಕೆ ಎಂಬುದೇ ಘಾತೀಯ ಫಲನದ ಗುರುತು. ಏರುವ ರೇಖೆಯೂ ನಷ್ಟದ ಅರ್ಧವನ್ನು ಹೆಚ್ಚುಕಡಿಮೆ ಅಷ್ಟೇ ಕಾಲದಲ್ಲಿ ತುಂಬಿಕೊಳ್ಳುತ್ತದೆ. ನೂರರಿಂದ ಮೊದಲನೆಯದನ್ನು ಕಳೆದರೆ ಎರಡನೆಯದು ದೊರೆಯುತ್ತದೆ. ಎರಡು ಸಮೀಕರಣಗಳಲ್ಲಿಯೂ ಲ್ಯಾಮ್ಡಾ ಎಂಬ ಸ್ಥಿರಾಂಕ ಒಂದೇ. (1931ರಲ್ಲಿ ಬ್ಯಾರನ್ ಪದವಿ ಪಡೆದ ರದರ್‌ಫರ್ಡ್ ತನ್ನ ಲಾಂಛನದಲ್ಲಿ ಇಂತಹ ಎರಡು ರೇಖೆಗಳನ್ನೇ ಇರಿಸಿಕೊಂಡನು.)

ಆದರೆ ಈ ಹೊಂದಿಕೆ ಮೊದಲ ಎರಡು ದಿನಗಳಿಗೆ ಸಲ್ಲದು. ಆಗ ಥೋರಿಯಂ ಎಕ್ಸ್ ಏರುತ್ತಿದ್ದಿತು, ಥೋರಿಯಂ ಇಳಿಯುತ್ತಿದ್ದಿತು. ಒಪ್ಪದ ಬಿಂದುಗಳನ್ನು ಕೈಬಿಡುವುದು ನ್ಯಾಯವೇ? ಇಲ್ಲಿ ನ್ಯಾಯವೆಂದೇ ನಮ್ಮ ಅಭಿಪ್ರಾಯ. ಸುಮಾರು 11 ಗಂಟೆಗಳಲ್ಲಿ ಅರ್ಧವಾಗುವ ಪ್ರೇರಿತ ಪಟುತ್ವವೊಂದು ಇದಕ್ಕೆ ಕಾರಣ. ರದರ್‌ಫರ್ಡ್ ಅದನ್ನು 1900ರಲ್ಲಿಯೇ ಬೇರೆ ಪ್ರಯೋಗಗಳಿಂದ ಅರಿತಿದ್ದನು. ಮೂರನೆಯ ದಿನದಿಂದಾಚೆಗೆ ಸಮೀಕರಣವು ರೇಖೆಗೆ ಸರಿಯಾಗಿ ಕೂಡುತ್ತದೆ.

ಥೋರಿಯಂ ಒಂದೇ ವೇಗದಲ್ಲಿ ಹೊಸ ದ್ರವ್ಯವನ್ನು ಹುಟ್ಟಿಸುತ್ತಿದೆ, ಅದು ಹುಟ್ಟಿದಂತೆಲ್ಲ ಕ್ಷಯಿಸುತ್ತಿದೆ ಎಂದು ತಿಳಿದರೆ ಮಾತ್ರ ಎರಡು ರೇಖೆಗಳಿಗೂ ಒಂದೇ ಲ್ಯಾಮ್ಡಾ ಬರುವುದು ಅರ್ಥವಾಗುತ್ತದೆ. ರಾಸಾಯನಿಕ ಉಪಚಾರವಾಗಲಿ ಉಷ್ಣವಾಗಲಿ ಈ ವೇಗವನ್ನು ಬದಲಿಸಲಿಲ್ಲ. ಬದಲಾಗುತ್ತಿರುವುದು ಪರಮಾಣುವೇ ಎಂದು ಅವರು 1902ರಲ್ಲಿ ಪ್ರಕಟಿಸಿದರು.